ಗ್ರಾಮಾಡಳಿತವೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳಿಗೆ ವಿದ್ಯೆ ಏತಕ್ಕೆ ಎಂದು ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮಿಶನ್ ಶಾಲೆಗಳು ಈ ನಾಡಿನಲ್ಲಿ ಮೊದಲಾದ ಕಾಲದಲ್ಲಿ ನಮ್ಮ ಹಿಂದಿನ ಉಪಾಧ್ಯಾಯಿನಿಯರು ಮನೆಮನೆಯ ಜಗಲಿಯ ಮುಂದೆ ನಿಂತು ಈ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು. ಆ ಕಾಲವು ಕಳೆಯಿತು. ಈಗ ನಮ್ಮ ಮುಂದಿರುವ ಪ್ರಶ್ನೆಯು ಬೇರೆ. ಓದಿದ ಹೆಣ್ಣುಮಗಳು ತನ್ನ ಮನೆಯನ್ನು ಚೊಕ್ಕಟವಾಗಿ ನಡೆಸುತ್ತಾಳೆ, ಮಕ್ಕಳನ್ನು ಓದಿಸುತ್ತಾಳೆ, ದಾದಿಯಾಗಿಯೋ ಉಪಾಧ್ಯಾಯಿನಿಯಾಗಿಯೋ ಕಚೇರಿಯ ಗುಮಾಸ್ತಳಾಗಿಯೋ ನಾಲ್ಕು ಕಾಸು ಸಂಪಾದಿಸುತ್ತಾಳೆ, ಇದೆಲ್ಲಾ ಸರಿಯಷ್ಟೆ. ಆದರೆ ತಾನು ಹುಟ್ಟಿದ ಊರಿನ ಆಡಳಿತದಲ್ಲಿ ಆಕೆಯ ಪಾಲೇನು? ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಅನೇಕರು ಮದುವೆಯಾಗಿ ಹಳ್ಳಿಗಳಿಗೇ ಹೋದವರು. ಅವರೊಳಗೆ ಗ್ರಾಮ ಪಂಚಾಯತಿಯ ಸದಸ್ಯೆಯರಾದವರನ್ನು ಎಣಿಸಲು ಹೊರಟರೆ ಒಂದು ಕೈಯ ಬೆರಳುಗಳೇ ಸಾಕಾಗುವವು. ಈ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ಪೋಷಕರೊಡನೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಕೆಲವು ಮಾತುಗಳನ್ನು ಆಡಬೇಕೆಂದು ನಮ್ಮ ಮನಸ್ಸಿಗೆ ಬಂದಿರುತ್ತದೆ.

ಹೆಂಗಸು ಊರಾಳುವುದು ಪರದೇಶದಿಂದ ಬಂದ ಹೊಸ ಪದ್ಧತಿ ಎಂದು ಹೇಳುವವರು ಇನ್ನೂ ಇದ್ದಾರೆ. ಅವರು ನಮ್ಮ ನಾಡಿನ ಶಾಸನಗಳನ್ನು ನೋಡಿದವರಲ್ಲ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಆಳ್ವಿಕೆಯ ಕಾಲದಲ್ಲಿ, ಈಗಿನ ಶಿಕಾರಿಪುರದ ಸೀಮೆಯಲ್ಲಿದ್ದ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಸತ್ತರಸ ನಾಗಾರ್ಜುನನೆಂಬವನು ನಾಳ್ಗಾವುಂಡನಾಗಿದ್ದನು. ಅವನು ತೀರಿಕೊಂಡ ಬಳಿಕ ಆ ಅಧಿಕಾರವು ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ನಾಡನ್ನು ದಕ್ಷತೆಯಿಂದ ಆಳಿದಳೆಂದು ಬಂದಳಿಕೆಯ ಶಾಸನವು ಸಾರುತ್ತದೆ. ಇದು ಅರಮನೆಯ ರಾಣಿಯ ಕಥೆಯಲ್ಲವೆಂಬುದನ್ನು ಓದುಗರು ಗಮನಿಸಬೇಕು. ಗಾವುಂಡಿಕೆಯೆಂದರೆ ಹಳ್ಳಿಗಳ ಆಡಳಿತ. ನಮ್ಮ ಕಾಲದ ಪಂಚಾಯತಿಗೆ ಹತ್ತಿರವಾದ ಕೆಲಸ. ಸಾವಿರ ವರ್ಷಗಳಿಗೂ ಹಿಂದೆ ಕನ್ನಡನಾಡು ಒಬ್ಬ ಹೆಂಗಸಿನ ಕೈಗೆ ಎಪ್ಪತ್ತು ಹಳ್ಳಿಗಳನ್ನು ಒಪ್ಪಿಸಲು ಹಿಂಜರಿಯಲಿಲ್ಲ.

ಈಚಿನ ಕಾಲಕ್ಕೆ ಬಂದರೆ, ಮದ್ರಾಸ್ ಪ್ರಾಂತದಲ್ಲಿ ೧೯೨೧ರಲ್ಲಿ ಸ್ತ್ರೀಯರಿಗೆ ಮತದ ಹಕ್ಕು ಲಭಿಸಿತು. ಆಸ್ತಿಯ ಅರ್ಹತೆಯಿದ್ದುದರಿಂದ ಅದು ಕೆಲವೇ ಮಂದಿಗೆ ಸಿಕ್ಕಿದ ಹಕ್ಕು. ಹಾಗಿದ್ದರೂ ೧೯೨೬ರಲ್ಲಿ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಆ ಪ್ರಾಂತದ ಶಾಸನಸಭೆಗೆ ಉಮೇದುವಾರರಾಗಿ ನಿಂತರು. ಕೆಲವೇ ಮತಗಳ ಅಂತರದಿಂದ ಸೋತರು. ಸೋತರೂ, ಹೆಂಗಸು ಚುನಾವಣೆಗೆ ನಿಲ್ಲಬಹುದೆಂಬುದನ್ನು ಅವರು ಜನರ ಕಣ್ಣಮುಂದೆ ಇಟ್ಟರು.

ಆ ತಲೆಮಾರಿನ ನಾಯಕಿಯರು ಮೀಸಲು ಸ್ಥಾನಗಳನ್ನು ಬೇಡಲಿಲ್ಲ. ೧೯೪೬ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಹಂಸಾ ಮೆಹತಾ ಅವರು, ಸ್ತ್ರೀಯರು ವಿಶೇಷ ಸವಲತ್ತನ್ನಾಗಲಿ ಮೀಸಲು ಸ್ಥಾನವನ್ನಾಗಲಿ ಕೇಳಿಲ್ಲವೆಂದೂ ಅವರಿಗೆ ಬೇಕಾದುದು ಸಮಾನ ನ್ಯಾಯವೆಂದೂ ಹೇಳಿದರು. ಅದು ಸ್ವಾಭಿಮಾನದ ಮಾತು. ಅದನ್ನು ನಾವು ಗೌರವಿಸುತ್ತೇವೆ. ಆದರೆ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಹೆಂಗಸರು ಒಳಗೆ ಬರಲಾರರೆಂಬುದನ್ನು ಮುಂದಿನ ವರ್ಷಗಳು ತೋರಿಸಿದವು. ೧೯೫೭ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ಸ್ತ್ರೀಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳ ಇಬ್ಬರು ಹೆಂಗಸರನ್ನು ಪಂಚಾಯತಿ ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಸಲಹೆ ಮಾಡಿತು. ಸೇರಿಸಿಕೊಂಡವರು ಸಭೆಯ ಅಲಂಕಾರವಾಗಿ ಕುಳಿತುಕೊಳ್ಳುವುದು ಸುಲಭ. ಮತದಿಂದ ಬಂದವರಿಗಿರುವ ಬಲವು ಅವರಿಗಿಲ್ಲ. ೧೯೭೪ರಲ್ಲಿ ಭಾರತದ ಸ್ತ್ರೀಯರ ಸ್ಥಾನಮಾನವನ್ನು ಪರಿಶೀಲಿಸಿದ ಸಮಿತಿಯು, ರಾಜ್ಯದಲ್ಲಿ ಸ್ತ್ರೀಯರ ಧ್ವನಿಯು ಹೆಚ್ಚುವುದಿರಲಿ, ಕುಗ್ಗುತ್ತಿರುವುದೆಂದು ಕಂಡು, ಹಳ್ಳಿಗಳಲ್ಲಿ ಶಾಸನಬದ್ಧವಾದ ಮಹಿಳಾ ಪಂಚಾಯತಿಗಳು ಬೇಕೆಂದು ಹೇಳಿತು.

ಈ ವಿಷಯದಲ್ಲಿ ನಮ್ಮ ಕರ್ನಾಟಕವು ದೇಶಕ್ಕೆ ದಾರಿ ತೋರಿಸಿತೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿಯೂ ಅಬ್ದುಲ್ ನಜೀರ್ ಸಾಬರು ಪಂಚಾಯತಿ ರಾಜ್ಯದ ಮಂತ್ರಿಗಳಾಗಿಯೂ ಇದ್ದ ಕಾಲದಲ್ಲಿ, ೧೯೮೩ರ ಕಾಯಿದೆಯು ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇಕಡ ೨೫ ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. ೧೯೮೭ರ ಜನವರಿಯಲ್ಲಿ ಚುನಾವಣೆಯಾಗಿ ಸುಮಾರು ೧೪,೦೦೦ ಹೆಂಗಸರು ಒಮ್ಮೆಗೇ ಊರಾಡಳಿತದೊಳಗೆ ಬಂದರು. ತರುವಾಯ ಸಂವಿಧಾನದ ೭೩ನೆಯ ತಿದ್ದುಪಡಿಯು ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದು, ಇಡೀ ದೇಶದ ಪಂಚಾಯತಿಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನೂ ಅಷ್ಟೇ ಪಾಲು ಅಧ್ಯಕ್ಷ ಪದವಿಗಳನ್ನೂ ಸ್ತ್ರೀಯರಿಗೆ ಮೀಸಲಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಗೆದ್ದ ಹೆಂಗಸರು ಶೇಕಡ ೪೦ಕ್ಕೂ ಮಿಕ್ಕಿದ್ದರು. ಅಂದರೆ ಮೀಸಲಿಲ್ಲದ ಸ್ಥಾನಗಳಲ್ಲಿಯೂ ಜನರು ಅವರನ್ನು ಆರಿಸಿದರು. ೨೦೧೦ರ ತಿದ್ದುಪಡಿಯು ನಮ್ಮ ರಾಜ್ಯದಲ್ಲಿ ಈ ಪಾಲನ್ನು ಅರ್ಧದವರೆಗೆ ಏರಿಸಿತು.

ಇದರಿಂದ ಊರಿಗೆ ಆದ ಲಾಭವೇನು? ಕೇಳತಕ್ಕ ಪ್ರಶ್ನೆಯೇ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಎಂಬ ಇಬ್ಬರು ವಿದ್ವಾಂಸರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅಧ್ಯಕ್ಷ ಪದವಿಯು ಹೆಂಗಸಿಗೆ ಮೀಸಲಾದ ಕಡೆಗಳಲ್ಲಿ, ಊರಿನ ಹೆಂಗಸರು ಯಾವುದಕ್ಕಾಗಿ ಹೆಚ್ಚು ದೂರುತ್ತಿದ್ದರೋ ಆ ಕೆಲಸಕ್ಕೇ ಹೆಚ್ಚು ಹಣ ಸಂದಿತ್ತು. ಎರಡು ಕಡೆಗಳಲ್ಲಿಯೂ ಕುಡಿಯುವ ನೀರು ಮುಂದೆ ಬಂದಿತ್ತು. ನೀರು ಹೊರುವವಳಿಗೆ ನೀರಿನ ದೂರ ತಿಳಿಯುವುದೆಂಬುದು ಆಶ್ಚರ್ಯದ ಸಂಗತಿಯಲ್ಲ.

ಪೋಷಕರು ವಿಶೇಷವಾಗಿ ಕೇಳಬೇಕಾದ ಸಂಗತಿಯೊಂದಿದೆ. ೨೦೧೨ರಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆಯಲ್ಲಿ ಬಂಗಾಳದ ಬೀರಭೂಮಿ ಜಿಲ್ಲೆಯ ೪೯೫ ಹಳ್ಳಿಗಳಲ್ಲಿ ೧೧ರಿಂದ ೧೫ ವರ್ಷದ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ವಿಚಾರಿಸಲಾಯಿತು. ಸಾಧಾರಣವಾಗಿ ತಂದೆತಾಯಿಗಳು ಗಂಡುಮಗನ ಭವಿಷ್ಯವನ್ನು ಕುರಿತು ಇಟ್ಟುಕೊಂಡ ಆಶೆಯು ಹೆಣ್ಣುಮಗಳ ಪಾಲಿಗೆ ಇರುವುದಿಲ್ಲ. ಯಾವ ಊರುಗಳಲ್ಲಿ ಎರಡು ಅವಧಿಗಳ ಕಾಲ ಅಧ್ಯಕ್ಷ ಪದವಿಯು ಹೆಂಗಸಿಗೆ ಮೀಸಲಾಗಿತ್ತೋ ಆ ಊರುಗಳಲ್ಲಿ ಈ ಅಂತರವು ತಂದೆತಾಯಿಗಳಲ್ಲಿ ಶೇಕಡ ೨೫ರಷ್ಟೂ ಮಕ್ಕಳಲ್ಲಿ ಶೇಕಡ ೩೨ರಷ್ಟೂ ತಗ್ಗಿತ್ತು. ಹುಡುಗ ಹುಡುಗಿಯರ ಓದಿನ ಮಟ್ಟದಲ್ಲಿದ್ದ ಭೇದವು ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸದಲ್ಲಿ ಕಳೆಯುವ ಹೊತ್ತು ಕಡಿಮೆಯಾಗಿತ್ತು. ಊರಿನ ಮುಂದಾಳು ಹೆಂಗಸಾಗಿರುವುದನ್ನು ದಿನವೂ ಕಂಡ ತಂದೆಯು ತನ್ನ ಮಗಳನ್ನು ಬೇರೆ ಕಣ್ಣಿನಿಂದ ನೋಡುವನು. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಮಗೆ ಇದಕ್ಕಿಂತ ದೊಡ್ಡ ಸಮಾಚಾರವಿಲ್ಲ. ನಾವು ತರಗತಿಯೊಳಗೆ ವರ್ಷಗಟ್ಟಲೆ ಮಾಡಲು ಪ್ರಯತ್ನಿಸುವ ಕೆಲಸವನ್ನು ಊರಿನ ಅಧ್ಯಕ್ಷೆಯು ತನ್ನ ಕುರ್ಚಿಯಲ್ಲಿ ಕುಳಿತು ಮಾಡುತ್ತಾಳೆ.

ಹಾಗಾದರೆ ಕೊರತೆಯೆಲ್ಲಿ? ಕುರ್ಚಿಯು ಹೆಂಗಸಿಗೆ, ಅಧಿಕಾರವು ಗಂಡಸಿಗೆ ಎಂಬ ಏರ್ಪಾಡು ಅನೇಕ ಕಡೆಗಳಲ್ಲಿ ನಡೆದುಬಂದಿದೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಸಭೆಯಲ್ಲಿ ಅಧ್ಯಕ್ಷೆಯ ಪಕ್ಕದಲ್ಲಿ ಆಕೆಯ ಯಜಮಾನರು ಕೂರುವರು. ಕೇಳಿದ ಪ್ರಶ್ನೆಗೆ ಅವರೇ ಉತ್ತರ ಕೊಡುವರು. ನಡವಳಿ ಪುಸ್ತಕವು ಮನೆಗೆ ಬರುವುದು. ಆಕೆ ಒಲೆಯ ಮುಂದಿನಿಂದ ಎದ್ದು, ಕೈಯನ್ನು ಸೆರಗಿಗೆ ಒರಸಿಕೊಂಡು, ತೋರಿಸಿದ ಕಡೆ ರುಜು ಹಾಕುವಳು. ಗಂಡನಲ್ಲದಿದ್ದರೆ ಮೈದುನ, ಮೈದುನನಲ್ಲದಿದ್ದರೆ ಊರಿನ ಜಮೀನುದಾರ. ನಾಳೆ ಹಣದ ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದರೆ ಉತ್ತರ ಹೇಳಬೇಕಾದವಳು ರುಜು ಹಾಕಿದ ಅಧ್ಯಕ್ಷೆಯೇ ಹೊರತು ಪುಸ್ತಕವನ್ನು ಮುಂದಿಟ್ಟವನಲ್ಲ. ಈ ವಿಷಯವು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ಆ ಬಳಿಕ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು ೨೦೨೫ರಲ್ಲಿ ವರದಿಯನ್ನೊಪ್ಪಿಸಿ, ಹೆಂಡತಿಯ ಹೆಸರಿನಲ್ಲಿ ಅಧಿಕಾರ ನಡೆಸುವವರಿಗೆ ಕಠಿಣ ದಂಡನೆಯಾಗಬೇಕೆಂದು ಸಲಹೆಯಿತ್ತಿತು.

ದಂಡನೆಯು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಗಂಡನನ್ನು ಸಭೆಯಿಂದ ಹೊರಗೆ ಕಳುಹಿಸಿದ ಮಾತ್ರಕ್ಕೆ ಹೆಂಡತಿಗೆ ನಡವಳಿಯನ್ನು ಬರೆಸುವ ಕ್ರಮವು ತಿಳಿದುಬಿಡುವುದಿಲ್ಲ. ಹುಟ್ಟಿದಂದಿನಿಂದ ಹಿರಿಯರೆದುರಿಗೆ ತಲೆಯೆತ್ತಿ ಮಾತಾಡಬೇಡವೆಂದು ಕಲಿಸಿ, ಒಂದು ಬೆಳಗ್ಗೆ ಇಪ್ಪತ್ತು ಮಂದಿ ಗಂಡಸರ ನಡುವೆ ಕೂರಿಸಿ ಮಾತಾಡೆಂದರೆ ಆಕೆ ಏನು ಮಾಡಿಯಾಳು? ಮೌನದ ಅಭ್ಯಾಸವನ್ನು ನಮ್ಮ ಮನೆಗಳೇ ಕಲಿಸಿವೆ. ಕೆಲವು ವೇಳೆ, ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿಯೆಂದು ಎಣಿಸುವ ಶಾಲೆಗಳೂ ಕಲಿಸಿವೆ. ಆದುದರಿಂದ ಈ ದೋಷದ ಪರಿಹಾರದಲ್ಲಿ ಮನೆಗೂ ಶಾಲೆಗೂ ಕೆಲಸವಿದೆಯೆಂಬುದೇ ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಓದುಬರಹ ಬಾರದವರನ್ನು ಚುನಾವಣೆಗೆ ನಿಲ್ಲಗೊಡಿಸಬಾರದು, ಆಗ ಈ ತೊಂದರೆಯೇ ಇರದು ಎಂದು ವಿದ್ಯಾವಂತರಾದ ಪೋಷಕರು ಕೆಲವರು ನಮ್ಮೊಡನೆ ವಾದಿಸಿದ್ದಾರೆ. ಶಾಲೆಯವರಾದ ನಾವು ಇದನ್ನು ಒಪ್ಪುವೆವೆಂಬುದು ಅವರ ಎಣಿಕೆ. ಈ ಪ್ರಯೋಗವನ್ನು ಕೆಲವು ರಾಜ್ಯಗಳು ಮಾಡಿವೆ. ರಾಜಸ್ಥಾನವು ೨೦೧೪ರ ಕೊನೆಯಲ್ಲಿ ಇಂಥ ಅರ್ಹತೆಯನ್ನು ವಿಧಿಸಿ, ೨೦೧೯ರಲ್ಲಿ ಅದನ್ನು ತೆಗೆದುಹಾಕಿತು. ಹರಿಯಾಣವು ೨೦೧೫ರಲ್ಲಿ ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೆಯ ತರಗತಿಯನ್ನೂ ಹೆಂಗಸರಿಗೆ ಎಂಟನೆಯ ತರಗತಿಯನ್ನೂ ವಿಧಿಸಿತು; ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನಿಗೆ ಅದು ಸಮ್ಮತವಾಗಿರಬಹುದು. ನಮ್ಮ ಮನಸ್ಸಿಗೆ ಸಮ್ಮತವಲ್ಲ. ಐವತ್ತು ವರ್ಷದ ಕೂಲಿಯ ಹೆಂಗಸೊಬ್ಬಳು ಬಾಲ್ಯದಲ್ಲಿ ಶಾಲೆಗೆ ಹೋಗದಿದ್ದುದು ಆಕೆಯ ತಪ್ಪೇ? ಆಕೆಯ ಕೇರಿಯಲ್ಲಿ ಶಾಲೆಯಿರಲಿಲ್ಲ. ಇದ್ದರೂ ಆಕೆಯನ್ನು ಹೊರಗೆ ನಿಲ್ಲಿಸಿದರು. ಹೊರಗೆ ನಿಲ್ಲಿಸದಿದ್ದರೂ ತಂಗಿತಮ್ಮಂದಿರನ್ನು ಆಡಿಸಲು ಮನೆಯಲ್ಲಿ ಉಳಿಸಿಕೊಂಡರು. ಒಮ್ಮೆ ಊರು ಮಾಡಿದ ಅನ್ಯಾಯವನ್ನೇ ನೆವಮಾಡಿ ಇನ್ನೊಮ್ಮೆ ಆಕೆಯನ್ನು ಹೊರಗಿಡುವುದು ನ್ಯಾಯವಲ್ಲ. ತನ್ನ ಕೇರಿಯ ನಲ್ಲಿಯಲ್ಲಿ ನೀರು ಬಾರದಿರುವುದನ್ನು ತಿಳಿಯಲು ಪರೀಕ್ಷೆಯ ಪ್ರಮಾಣಪತ್ರವು ಬೇಕಾಗಿಲ್ಲ. ವಿದ್ಯೆಯು ಒಳಗೆ ಬಂದವರ ಕೈಗೆ ಕೊಡತಕ್ಕ ದೀಪವಾಗಬೇಕು. ಬಾಗಿಲಿಗೆ ಹಾಕಿದ ಬೀಗವಾಗಬಾರದು.

ಆ ದೀಪವನ್ನು ಕೊಡುವವರು ಯಾರು? ಇಲ್ಲಿಯೇ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ನಾವು ಹೆಸರು ಹಿಡಿದು ಕರೆದಂತೆ ಕರೆಯುತ್ತೇವೆ. ಪ್ರಿಯ ಸಹೋದರಿಯರೇ, ನಿಮಗೆ ಓದಲು ಬರುತ್ತದೆ, ಲೆಕ್ಕ ಬರುತ್ತದೆ, ಅರ್ಜಿ ಬರೆಯಲು ಬರುತ್ತದೆ. ಪಂಚಾಯತಿಯ ಕೆಲಸವೆಂದರೆ ಕೆಸರು, ಪಕ್ಷಗಳ ಜಗಳ, ಮರ್ಯಾದಸ್ಥರು ಕಾಲಿಡತಕ್ಕ ಜಾಗವಲ್ಲ ಎಂದು ನಿಮ್ಮಲ್ಲಿ ಎಷ್ಟೋ ಮಂದಿ ದೂರ ನಿಂತಿದ್ದೀರಿ. ನೀವು ದೂರ ನಿಂತ ಕೆಲಸವನ್ನು ದಿನಗೂಲಿಯನ್ನು ಬಿಟ್ಟು ಸಭೆಗೆ ಬರುವ ಬಡ ಹೆಂಗಸರು ಹೊತ್ತಿದ್ದಾರೆ. ಆಕೆಗೆ ನಡವಳಿಯನ್ನು ಓದಿ ಹೇಳುವವರಿಲ್ಲ; ನಿಮಗೆ ಓದಲು ಬಂದರೂ ಅತ್ತ ಹೋಗುವ ಮನಸ್ಸಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ ೨೯ ವಿಷಯಗಳಿವೆ. ಕುಡಿಯುವ ನೀರು, ಉರುವಲು ಮತ್ತು ಮೇವು, ರಸ್ತೆ, ಪ್ರಾಥಮಿಕ ಮತ್ತು ಪ್ರೌಢ ಶಾಲೆ, ಪುಸ್ತಕಾಲಯ, ಆರೋಗ್ಯ ಮತ್ತು ನೈರ್ಮಲ್ಯ, ಸ್ತ್ರೀಯರ ಮತ್ತು ಮಕ್ಕಳ ಏಳಿಗೆ, ಪಡಿತರದ ಹಂಚಿಕೆ ಇವೆಲ್ಲವೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಹೆಂಗಸರಿಗೆ ಸಂಬಂಧಿಸದ ವಿಷಯವು ಯಾವುದು? ಹಳ್ಳಿಯ ಹುಡುಗಿಯೊಬ್ಬಳು ಎಂಟನೆಯ ತರಗತಿಯಲ್ಲಿ ಶಾಲೆಯನ್ನು ಬಿಟ್ಟಳೆಂದು ಕೇಳಿದಾಗ ಕಾರಣವನ್ನು ವಿಚಾರಿಸಿ ನೋಡಿರಿ. ದಾರಿಯಲ್ಲಿ ದೀಪವಿಲ್ಲ, ಶೌಚಾಲಯದಲ್ಲಿ ನೀರಿಲ್ಲ, ನೀರು ತರಲು ಮನೆಯಲ್ಲಿ ಬೇರೆ ಕೈಯಿಲ್ಲ, ಇವೇ ಕಾರಣಗಳು. ಇವೆಲ್ಲವೂ ಊರಿನ ಆಡಳಿತದ ವಿಷಯಗಳೇ.

ಚುನಾವಣೆಗೆ ನಿಲ್ಲುವುದೆಂದರೆ ಬೆಟ್ಟವನ್ನು ಹೊರುವುದೆಂದು ಹೆದರಬೇಕಾಗಿಲ್ಲ. ನಮ್ಮ ರಾಜ್ಯದ ಕಾಯಿದೆಯ ಪ್ರಕಾರ ೪೦೦ ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯತಿಯ ಸದಸ್ಯರು. ೨೧ ವರ್ಷ ತುಂಬಿದ ಮತದಾರಳು ನಿಲ್ಲಬಹುದು. ನಾಲ್ಕುನೂರು ಜನವೆಂದರೆ ನೂರು ಮನೆಗಳ ಮಾತು. ಹೆರಿಗೆಗೂ ಹಬ್ಬಕ್ಕೂ ಸಾವಿಗೂ ನೀವು ಹೋಗಿಬಂದ ಮನೆಗಳೇ ಅವು. ನಿಲ್ಲಲು ಇಷ್ಟವಿಲ್ಲದವರಿಗೂ ಕೆಲಸವಿದೆ. ವಾರ್ಡ್ ಸಭೆಗೂ ಗ್ರಾಮಸಭೆಗೂ ಬಂದವರಲ್ಲಿ ಶೇಕಡ ೩೦ಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕೆಂದು ಕಾಯಿದೆಯು ಹೇಳುತ್ತದೆ. ಆ ಸಂಖ್ಯೆಯನ್ನು ಹಾಜರಿ ಪುಸ್ತಕದ ರುಜುಗಳಿಂದ ತುಂಬಿಸದೆ ನಿಜವಾಗಿ ಬಂದು ಕುಳಿತು ತುಂಬಿಸಿರಿ. ಮಹಿಳೆಯರಿಗಾಗಿಯೇ ಕೂಡುವ ಗ್ರಾಮಸಭೆಯೂ ಉಂಟು. ಪ್ರತಿ ಪಂಚಾಯತಿಯಲ್ಲಿಯೂ ಸಾಮಾಜಿಕ ನ್ಯಾಯ ಸಮಿತಿಯಿದ್ದು ಅದರಲ್ಲಿ ಹೆಂಗಸೊಬ್ಬಳಾದರೂ ಇರಲೇಬೇಕು. ಆ ಸಮಿತಿಯು ಕೂಡುತ್ತದೆಯೋ ಇಲ್ಲವೋ ಎಂದು ವಿಚಾರಿಸಿರಿ. ಉತ್ತರ ಸಿಕ್ಕದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಅರ್ಜಿ ಬರೆಯಿರಿ. ೨೦೦೦-೦೧ರಲ್ಲಿ ಮೊದಲಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಹಳ್ಳಿಯ ಹೆಂಗಸರು ಉಳಿತಾಯದ ಲೆಕ್ಕವನ್ನು ಇಡಲು ಕಲಿತಿದ್ದಾರೆ. ಸಂಘದ ಲೆಕ್ಕವನ್ನು ಕೇಳಬಲ್ಲವಳು ಊರಿನ ಲೆಕ್ಕವನ್ನೂ ಕೇಳಬಲ್ಲಳು.

ನಮ್ಮದೊಂದು ಸೂಚನೆಯಿದೆ. ಹಳೆಯ ವಿದ್ಯಾರ್ಥಿನಿಯರ ಸಂಘವು ಪ್ರತಿವರ್ಷವೂ ಬೇಸಿಗೆಯ ರಜೆಯಲ್ಲಿ ಈ ಶಾಲೆಯ ಕೊಠಡಿಗಳಲ್ಲಿಯೇ ಸುತ್ತಣ ಹಳ್ಳಿಗಳ ಸದಸ್ಯೆಯರಿಗಾಗಿ ಮೂರು ದಿನಗಳ ಪಾಠವನ್ನು ಏರ್ಪಡಿಸಲಿ. ನಡವಳಿಯನ್ನು ಓದುವುದು, ಆಯವ್ಯಯದ ಪಟ್ಟಿಯನ್ನು ಅರ್ಥಮಾಡಿಕೊಳ್ಳುವುದು, ಗೊತ್ತುವಳಿಯನ್ನು ಮಂಡಿಸುವುದು, ಒಪ್ಪಿಗೆಯಿಲ್ಲದಿದ್ದರೆ ಅದನ್ನು ಬರೆಸುವುದು, ಓದದೆ ರುಜು ಹಾಕದಿರುವುದು. ಇಷ್ಟನ್ನು ಕಲಿಸಿದರೆ ಸಾಕು. ಜಾತಿಮತಗಳ ಭೇದವಿಲ್ಲದೆ ಎಲ್ಲರನ್ನೂ ಕರೆಯಬೇಕು. ಕಲಿಸಲು ಹೋದವರು ಕಲಿತುಬರುವ ಸಂಗತಿಗಳೂ ಬಹಳವಿರುವವು. ಶಾಲೆಯ ಕಡೆಯಿಂದ ನಾವು ಮಾಡತಕ್ಕದ್ದು, ಹುಡುಗಿಯರು ಸರದಿಯ ಮೇಲೆ ಸಭೆಯನ್ನು ನಡೆಸಿ ನಡವಳಿಯನ್ನು ಬರೆಯುವ ಅಭ್ಯಾಸವನ್ನು ಪ್ರತಿ ತರಗತಿಯಲ್ಲಿಯೂ ಮಾಡಿಸುವುದು. ಮಕ್ಕಳ ಗ್ರಾಮಸಭೆಗೆ ಅವರನ್ನು ಪ್ರಶ್ನೆಗಳೊಡನೆ ಕಳುಹಿಸುವುದು.

ಪೋಷಕರಲ್ಲಿ, ಮುಖ್ಯವಾಗಿ ತಂದೆಯರಲ್ಲಿ, ನಮ್ಮ ಪ್ರಾರ್ಥನೆಯು ಚಿಕ್ಕದು. ಗ್ರಾಮಸಭೆಗೆ ಹೋಗುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಮನೆಯ ಖರ್ಚಿನ ಮಾತು ಬಂದಾಗ ಆಕೆಯ ಅಭಿಪ್ರಾಯವನ್ನೂ ಕೇಳಿರಿ. ಸೊಸೆಯು ಸದಸ್ಯೆಯಾಗಿ ಆರಿಸಿಬಂದರೆ ಸಭೆಯ ದಿನದ ಅಡಿಗೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳಿರಿ. ಆಕೆಗೆ ಬೇಕಾದುದು ಈ ಸಹಾಯ. ಪಕ್ಕದಲ್ಲಿ ಕುಳಿತು ಆಕೆಯ ಬದಲಿಗೆ ಮಾತಾಡುವ ಸಹಾಯವಲ್ಲ.

ಇದು ಅಷ್ಟು ಸುಲಭವಲ್ಲವೆಂದು ನಾವು ಬಲ್ಲೆವು. ಮೀಸಲು ಸ್ಥಾನವು ಸರದಿಯ ಮೇಲೆ ಬದಲಾಗುವುದರಿಂದ, ಕೆಲಸವನ್ನು ಕಲಿತ ಹೆಂಗಸು ಮುಂದಿನ ಚುನಾವಣೆಯಲ್ಲಿ ಮೀಸಲಿಲ್ಲದ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಆಗ ಮನೆಯವರೂ ಊರವರೂ ಸಾಕು ಬಾ ಎನ್ನುವರು. ಸ್ವತಂತ್ರವಾಗಿ ನಡೆಯತೊಡಗಿದವಳ ಮೇಲೆ ಅವಿಶ್ವಾಸದ ಗೊತ್ತುವಳಿಯೂ ಬರಬಹುದು, ಶೀಲದ ಮೇಲೆ ಮಾತೂ ಬರಬಹುದು. ಅಂಥ ದಿನದಲ್ಲಿ ಆಕೆಯ ಜೊತೆಗೆ ನಿಲ್ಲುವ ನಾಲ್ಕು ಮಂದಿ ಓದಿದ ಹೆಂಗಸರು ಆ ಊರಿನಲ್ಲಿದ್ದರೆ ಕಥೆಯು ಬೇರೆಯಾಗುವುದು.

ಯೆರೂಸಲೇಮಿನ ಬಿದ್ದ ಗೋಡೆಯನ್ನು ತಿರುಗಿ ಕಟ್ಟಿದವರ ಪಟ್ಟಿಯು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿದೆ. ಆ ಉದ್ದವಾದ ಪಟ್ಟಿಯಲ್ಲಿ ಶಲ್ಲೂಮನೆಂಬವನೊಡನೆ ಅವನ ಹೆಣ್ಣುಮಕ್ಕಳೂ ಗೋಡೆ ಕಟ್ಟಿದರೆಂದು ಬರೆದದೆ. ತಂದೆಯು ತನ್ನ ಪಾಲಿನ ಗೋಡೆಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದನು. ಬೇಡವೆಂದು ಹೇಳಿದವರು ಯಾರೂ ಇದ್ದಂತೆ ಕಾಣುವುದಿಲ್ಲ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ವರ್ಣಿತಳಾದ ಗುಣವತಿಯನ್ನು ನಮ್ಮ ಮದುವೆಗಳಲ್ಲಿ ಬಹಳವಾಗಿ ನೆನೆಯುತ್ತೇವೆ. ಆಕೆ ಹೊಲವನ್ನು ನೋಡಿ ಕೊಂಡುಕೊಂಡವಳೆಂಬುದನ್ನೂ, ಆಕೆಯ ಕೆಲಸಗಳಿಗೆ ಪ್ರಶಂಸೆಯು ಊರ ಹಿರಿಯರು ಕೂಡುವ ಬಾಗಿಲುಗಳಲ್ಲಿಯೇ ಸಲ್ಲಬೇಕೆಂದು ಹೇಳಿರುವುದನ್ನೂ ಅಷ್ಟಾಗಿ ನೆನೆಯುವುದಿಲ್ಲ. ಆ ಊರಬಾಗಿಲೇ ಈಗಿನ ಪಂಚಾಯತಿಯ ಕಟ್ಟೆ. ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ಸಂಕೋಚವಿಲ್ಲದೆ ಹೋಗಿ ಬರುವಂತಾಗಲಿ, ಅಲ್ಲಿ ಕುಳಿತವರಿಗೆ ಮಾತಾಡುವ ಧೈರ್ಯವನ್ನೂ ಕೇಳುವವರಿಗೆ ಒಳ್ಳೆಯ ಕಿವಿಯನ್ನೂ ದೇವರು ಅನುಗ್ರಹಿಸಲಿ ಎಂದು ಹಾರೈಸುತ್ತೇವೆ. ಮೂರು ದಿನಗಳ ಪಾಠಕ್ಕೆ ಕಲಿಸಲು ಬರಲೊಪ್ಪುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಸರನ್ನೂ ಊರನ್ನೂ ಬರೆದು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.

— ಮುಖ್ಯೋಪಾಧ್ಯಾಯಿನಿ